ತಮ್ಮನ ಹೆಂಡತಿಯ ತಲೆನೋವು

ಪನಾಯ್ ದ್ವೀಪದ ದಕ್ಷಿಣ ದಂಡೆಯಲ್ಲಿ, ಮೀನು ಒಣಹಾಕುವ ಚಪ್ಪರಗಳ ಹಿಂದಿನ ಓಣಿಯಲ್ಲಿ ಸೆರಿಂಗಳ ಮನೆ. ತಲೆ ಸಿಡಿಯುತ್ತಿದೆ ಎಂದು ಬಂದವರ ತಲೆಯನ್ನು ಅವಳು ಮೊದಲು ಮುಟ್ಟುತ್ತಿರಲಿಲ್ಲ. ಬೋರಲು ಮಲಗಿಸಿ, ಕೊಬ್ಬರಿ ಎಣ್ಣೆ ಸವರಿದ ಬಾಳೆಲೆಯ ತುಂಡನ್ನು ಬೆನ್ನಿನಿಂದ ಕತ್ತಿನವರೆಗೆ ಜಾರಿಸುವಳು. ಎಲೆ ಅಂಟಿಕೊಂಡು ನಿಂತ ಕಡೆ ಹೆಬ್ಬೆರಳೂರಿ, ಮಾಂಸದೊಳಗಿನ ಗಂಟು ಕರಗುವ ತನಕ ಬಿಡುತ್ತಿರಲಿಲ್ಲ. "ಕೂಗೋದು ತಲೆ, ಬೇರು ಬಿಟ್ಟಿರೋದು ಕತ್ತು" ಎನ್ನುವುದು ಅವಳ ಮಾತು.

ಸೆರಿಂಗ್ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರ ಕೈಗುಣ ದೊಡ್ಡದು ಎಂದು ಅಜ್ಜಿ ಚಿಕ್ಕಂದಿನಲ್ಲೇ ಎಣ್ಣೆ ಬಟ್ಟಲು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಅಪ್ಪ ಅಮ್ಮ ಹೋದ ದೋಣಿ ಬಿರುಗಾಳಿಗೆ ಸಿಕ್ಕಿ ಮರಳಲಿಲ್ಲ. ಆಗ ತಮ್ಮ ದಾದೊ ಇನ್ನೂ ಅಂಬೆಗಾಲಿಡುವ ಕೂಸು. ಅವನನ್ನು ಸಾಕಿದವಳು ಸೆರಿಂಗಳೇ. ಹೆಣ್ಣು ಕೇಳಲು ಬಂದವರಿಗೆ, "ನಂಗಾಗ್ಲೇ ಮಗ ಇದಾನಲ್ಲ" ಎಂದು ನಕ್ಕು ಕಳಿಸಿದಳು. ಆ ಮಗ ಬೆಳೆದು, ಬೈಕಿಗೆ ಪಕ್ಕದ ಗಾಡಿ ಜೋಡಿಸಿದ ಬಾಡಿಗೆ ಟ್ರೈಸಿಕಲ್ ಓಡಿಸುವವನಾದ. ಚರ್ಚಿನಲ್ಲಿ ಹಾಡುವನು, ಮುದುಕಿಯರನ್ನು ಕಾಸು ಕೇಳದೆ ಮನೆ ಮುಟ್ಟಿಸುವನು. "ಸೆರಿಂಗ್ ಸಾಕಿದ ಹುಡುಗ ಅಪ್ಪಟ ಚಿನ್ನ" ಎಂದು ಊರು ಆಡುವಾಗ ಅವಳು ಏನೂ ಕೇಳಿಸದವಳಂತೆ ಎಣ್ಣೆ ಕಾಯಿಸುತ್ತಿದ್ದಳು. ಕಿವಿ ಮಾತ್ರ ಅತ್ತಲೇ ಇರುತ್ತಿತ್ತು.

ದಾದೊ ಕಟ್ಟಿಕೊಂಡದ್ದು ಮೆರ್ಲಿಯನ್ನು. ಸಂತೆಯಲ್ಲಿ ಮೀನು ಮಾರುವ ಹುಡುಗಿ. ಅವಳ ನಗು ಮೂರು ಅಂಗಡಿ ಆಚೆಗೂ ಕೇಳುತ್ತಿತ್ತು. ಮದುವೆಯಾದ ಮಾರನೆಯ ವರ್ಷದಿಂದ ಅವಳಿಗೆ ಅರೆತಲೆ ನೋವು ಶುರುವಾಯಿತು. ಬಿಸಿಲಿನ ನೋವು ಎಂದಳು. ಹೊತ್ತ ಬುಟ್ಟಿಯದು ಎಂದಳು. ಸೆರಿಂಗ್ ಕತ್ತು ತಿಕ್ಕಿ ಕಳಿಸುವಳು, ಮೆರ್ಲಿ ಮತ್ತೆ ಬರುವಳು. ತಲೆಗೆ ಕಟ್ಟಿದ ವಸ್ತ್ರ ಮಾತ್ರ ಬಿಚ್ಚಗೊಡಳು. "ಮೀನಿನ ವಾಸ್ನೆ ಮನಾಂಗ್, ನಿಮ್ಮ ಕೈಗೆಲ್ಲ ಹತ್ಕೊಳತ್ತೆ" ಎಂದು ನಗುವಳು. ಹಿರಿಯಕ್ಕನನ್ನು ಅಲ್ಲಿ ಮನಾಂಗ್ ಎನ್ನುತ್ತಾರೆ.

ಆ ದಿನ ಮಧ್ಯಾಹ್ನ ಮೆರ್ಲಿ ಗೋಡೆ ಹಿಡಿದುಕೊಂಡು ಬಂದಳು. ಅಂಗಳದಲ್ಲೇ ವಾಂತಿ ಮಾಡಿಕೊಂಡಳು. ಬೆಳಕು ಕಂಡರೆ ಕಣ್ಣಿಗೆ ಮೊಳೆ ಹೊಡೆದ ಹಾಗಾಗುತ್ತದೆ ಎಂದು ನರಳಿದಳು. ಸೆರಿಂಗ್ ಕಿಟಕಿ ಮುಚ್ಚಿ ಚಾಪೆಯ ಮೇಲೆ ಮಲಗಿಸಿದಳು. ಬೇಡವೆನ್ನಲೂ ತ್ರಾಣವಿಲ್ಲದವಳ ತಲೆವಸ್ತ್ರವನ್ನು ಮೆಲ್ಲಗೆ ಬಿಚ್ಚಿದಳು.

ಕಿವಿಯ ಹಿಂದೆ ಅಂಗೈಯಗಲ ಕೂದಲೇ ಇರಲಿಲ್ಲ. ಉದುರಿದ್ದಲ್ಲ, ಕಿತ್ತದ್ದು. ಅಲ್ಲಿನ ಚರ್ಮ ಊದಿ ಮೂಳೆಯಿಂದ ಎದ್ದು ನಿಂತಿತ್ತು. ಕತ್ತಿನ ಒಂದೇ ಮಗ್ಗುಲಿನ ಮಾಂಸ ಹಗ್ಗದಂತೆ ಬಿಗಿದಿತ್ತು.

ಮಗಳನ್ನು ಕರೆಯುವಂತೆ ಸೆರಿಂಗ್ ಕರೆದಳು: "ಇಂದಾಯ್, ಯಾರೇ ಇದು ಮಾಡಿದ್ದು?"

"ಕೇಳ್ಬೇಡಿ ಮನಾಂಗ್."

"ಸಂತೇಲಿ ಯಾರಾದ್ರೂ ಜಗಳಕ್ಕೆ ಬಂದ್ರಾ? ಹೇಳು, ದಾದೊನ ಕಳಿಸ್ತೀನಿ. ಅವನು ಸುಮ್ನೆ ಬಿಡ್ತಾನಾ?"

ಮೆರ್ಲಿ ಮುಖ ಆಚೆಗೆ ಹೊರಳಿಸಿದಳು. ಸೆರಿಂಗ್ ಗಾಯ ತಪ್ಪಿಸಿ, ಬೆರಳ ತುದಿಯಲ್ಲಿ ಕತ್ತಿನ ಬುಡವನ್ನು ನೇವರಿಸತೊಡಗಿದಳು. ಬಹಳ ಹೊತ್ತಿನ ಮೇಲೆ ಬಿಗಿ ಸಡಿಲಿತು, ಉಸಿರು ನಿಧಾನವಾಯಿತು. ಅಷ್ಟರಲ್ಲಿ ಓಣಿಯಲ್ಲಿ ಟ್ರೈಸಿಕಲ್ ನಿಂತ ಸದ್ದು.

"ಮನಾಂಗ್! ಬಿಸಿಬಿಸಿ ರೊಟ್ಟಿ ತಂದಿದೀನಿ. ನಮ್ಮ ಮಹಾರಾಣಿ ಇಲ್ಲೇ ಬಿದ್ಕೊಂಡಿದಾಳಾ?"

ಸೆರಿಂಗಳ ಬೆರಳ ಕೆಳಗೆ ಮೆರ್ಲಿಯ ಕತ್ತು ಕಲ್ಲಾಯಿತು. ಭುಜಗಳು ಕಿವಿಗೆ ಏರಿದವು, ದವಡೆ ಬಿಗಿಯಿತು. ಬಾಗಿಲಾಚೆಯ ಆ ದನಿಗೆ, ಸೆರಿಂಗ್ ಜೋಗುಳ ಹಾಡಿ ಬೆಳೆಸಿದವನ ಆ ದನಿಗೆ!

ಸೆರಿಂಗಳಿಗೆ ಕೈಯನ್ನು ಎತ್ತಲೂ ಆಗಲಿಲ್ಲ, ಇಡಲೂ ಆಗಲಿಲ್ಲ.

ದಾದೊ ಒಳಗೆ ಬಂದ. ಬಿಚ್ಚಿದ ವಸ್ತ್ರ ನೋಡಿದ. ನಗು ಒಂದು ಗಳಿಗೆ ನಿಂತು, ಮತ್ತೆ ಬಂತು. "ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರತ್ತೆ, ಹೋಗತ್ತೆ ಮನಾಂಗ್. ಅವಳ ಬಾಯೂ ಕಮ್ಮಿ ಇಲ್ಲ."

"ಬಾಯಿ ಜೋರಿದ್ರೆ ತಲೆಕೂದ್ಲು ಕೀಳ್ತಾರೇನೋ?"

"ನೀನು ಯಾರ ಕಡೆ? ನಿನ್ನ ಒಡಹುಟ್ಟಿದವನು ನಾನು!"

"ಅದಕ್ಕೇ ಕಣೋ ಹೊಟ್ಟೆ ಉರೀತಿರೋದು," ಎಂದಳು ಸೆರಿಂಗ್. ದನಿ ಅವಳದ್ದೆಂದು ಅವಳಿಗೇ ಅನಿಸಲಿಲ್ಲ. "ಇವಳು ಇವತ್ತು ನಿನ್ನ ಜತೆ ಬರಲ್ಲ. ನಡಿ ಆಚೆ."

ದಾದೊ ರೊಟ್ಟಿಯ ಪೊಟ್ಟಣವನ್ನು ನೆಲಕ್ಕೆ ಅಪ್ಪಳಿಸಿ ಹೋದ.

ಬಿಸಿಲು ಇಳಿಯುವ ಮೊದಲೇ ಸೆರಿಂಗ್ ಮೆರ್ಲಿಯ ಕೈ ಹಿಡಿದುಕೊಂಡು ಊರ ಕಚೇರಿಗೆ ಹೋದಳು. ಅಲ್ಲಿ ಊರ ಮುಖ್ಯಸ್ಥೆ ದೂರು ಬರೆದುಕೊಳ್ಳುತ್ತ ಎರಡು ಸಲ ಕೇಳಿದಳು: "ನಮ್ಮ ದಾದೊನಾ? ಚರ್ಚಲ್ಲಿ ಹಾಡೋ ದಾದೊನಾ?" ಎರಡು ಸಲವೂ ಸೆರಿಂಗ್ ಹೌದೆಂದಳು. ಮೆರ್ಲಿ ಅತ್ತದ್ದು ಆಗ.

ಊರು ಸುಮ್ಮನಿರಲಿಲ್ಲ. ಸಾಕಿದ ಕೈಯೇ ಕತ್ತು ಕುಯ್ದಿತು ಎಂದರು ಕೆಲವರು. ಕಾಸಿಲ್ಲದೆ ಟ್ರೈಸಿಕಲ್ ಹತ್ತುತ್ತಿದ್ದ ಮುದುಕಿಯರು ಸೆರಿಂಗಳ ಓಣಿ ತಪ್ಪಿಸಿ ಓಡಾಡಿದರು. ಮೆರ್ಲಿ ಅವಳ ಮನೆಯಲ್ಲೇ ಉಳಿದಳು. ಇಬ್ಬರೂ ಆ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ, ಅನ್ನ ಬಸಿಯುತ್ತಿದ್ದ ಸೆರಿಂಗ್ ತಟ್ಟನೆ ಕೇಳಿದಳು: "ಇಷ್ಟು ದಿನ ನಿನ್ನ ಕತ್ತು ಮುಟ್ಟಿದೀನಲ್ಲೇ, ನಂಗ್ಯಾಕೆ ಗೊತ್ತಾಗ್ಲಿಲ್ಲ?"

"ನಿಮಗೆ ಅವರಂದ್ರೆ ಪ್ರಾಣ ಅಲ್ವಾ ಮನಾಂಗ್," ಎಂದಳು ಮೆರ್ಲಿ. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಸೆರಿಂಗಳಿಗೆ ಹಗುರಾಗುತ್ತಿತ್ತೇನೋ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ದಾದೊ ಬಾಗಿಲಲ್ಲಿ ನಿಂತಿದ್ದ. ಮೆರ್ಲಿ ಸಂತೆಗೆ ಹೋಗಿದ್ದಳು. ಅವನ ಕಣ್ಣು ಕೆಂಪಗಿತ್ತು. "ತಲೆ ಒಡೀತಿದೆ ಮನಾಂಗ್. ನಿದ್ದೆ ಇಲ್ಲ. ಒಂಚೂರು ಕತ್ತು ತಿಕ್ಕು."

ಸೆರಿಂಗ್ ಚಾಪೆ ಹಾಸಿದಳು. ಎಣ್ಣೆ ಅದ್ದಿಕೊಂಡಳು. ಕೂತವನ ಕತ್ತಿನ ಹತ್ತಿರ ಕೈ ಒಯ್ದಳು. ಎಳೆಯ ಕೂಸಾಗಿದ್ದಾಗ ಎಣ್ಣೆ ತಿಕ್ಕಿ ಬಿಸಿಲು ಕಾಯಿಸಿದ ಕತ್ತು. ಹೆಬ್ಬೆರಳು ಮುಂದೆ ಹೋಗಲಿಲ್ಲ.

"ಎದ್ದೇಳು ತೊತೊ," ಎಂದಳು, ಅವನು ಚಿಕ್ಕವನಿದ್ದಾಗ ಕರೆಯುತ್ತಿದ್ದ ಹಾಗೆ. "ಪಕ್ಕದೂರಲ್ಲಿ ತಾಸಿಯೊ ಇದಾನೆ, ಒಳ್ಳೇ ಕೈ. ಅವನ ಹತ್ರ ಹೋಗು. ನನ್ ಕೈ ನಿನ್ ಮೇಲೆ ಓಡ್ತಾ ಇಲ್ಲ."

ಅವನು ಬೈಯುತ್ತಾನೆ ಎಂದುಕೊಂಡಳು. ಬೈಯಲಿಲ್ಲ. ತಲೆ ಹಿಡಿದುಕೊಂಡು ಎದ್ದು ಹೋದ. ಅವಳು ಎಣ್ಣೆಗೈಯನ್ನು ಒರೆಸಿಕೊಳ್ಳದೆ, ತನ್ನದೇ ಬೆರಳುಗಳನ್ನು ಯಾರದೋ ಎಂಬಂತೆ ನೋಡುತ್ತ ಚಾಪೆಯ ಮೇಲೆ ಕೂತುಬಿಟ್ಟಳು.