ಮುಳ್ಳುಪಟ್ಟಿ ಬಿಚ್ಚಿದ ಶೆಟ್ಟೆವ್ವ

ಯರಗಟ್ಟಿಯಲ್ಲಿ ಬೆಳಗಾವಿ ರಸ್ತೆಗೆ ಮುಖ ಮಾಡಿಕೊಂಡು ಶೆಟ್ಟೆವ್ವನ ಹಗ್ಗದ ಅಂಗಡಿ ಇದೆ. ಮೂಗುದಾರ, ಗೆಜ್ಜೆಪಟ್ಟಿ, ಬಾರಕೋಲು, ನೈಲಾನ್ ಹಗ್ಗದ ಸುರುಳಿ, ಕುರಿಗಾರರು ತಮ್ಮ ನಾಯಿಗಳ ಕೊರಳಿಗೆ ಕಟ್ಟುವ ಮುಳ್ಳುಪಟ್ಟಿ ಅಲ್ಲಿಯ ಮಾಲು. ಆದರೆ ಐವತ್ತೇಳು ವರ್ಷದ ಶೆಟ್ಟೆವ್ವ ಊರಲ್ಲಿ ಹೆಸರಾಗಿರುವುದು ಹಗ್ಗಕ್ಕಲ್ಲ, ಹೇಸಿಕೊಳ್ಳುವುದಕ್ಕೆ. ಅಂಗಡಿ ಮುಂದೆ ಯಾರಾದರೂ ಗುಟಕಾ ಉಗುಳಿದರೆ ಬೈಯುವುದಿಲ್ಲ. ಒಂದು ಕೊಡ ನೀರು ತಂದು ಉಗುಳಿದವನ ಕೈಗೇ ಕೊಟ್ಟು, "ತೊಳಿ" ಎನ್ನುತ್ತಾಳೆ. ತೊಳೆಯುವ ತನಕ ಅಲ್ಲೇ ನಿಂತಿರುತ್ತಾಳೆ. ನಾಯಿ ಎಂದರಂತೂ ಆಕೆಗೆ ಮೈಯೆಲ್ಲ ಮುಳ್ಳು. ಅದರ ಜೊಲ್ಲು, ಅದರ ವಾಸನೆ, ಎಲ್ಲೆಂದರಲ್ಲಿ ಮೂತಿ ಇಟ್ಟು ಬಂದು ಮನುಷ್ಯರ ಕೈ ನೆಕ್ಕುವ ಆ ಚಾಳಿ ಯಾವುದೂ ಸೇರದು.

ಇಂಥವಳು ನಾಯಿಯೊಂದನ್ನು ಪಳಗಿಸಿದಳು ಎಂದರೆ ನಮ್ಮಲ್ಲಿ ಮೊದಲಿಗೆ ಯಾರೂ ನಂಬಲಿಲ್ಲ.

ಶೆಟ್ಟೆವ್ವನ ಪಕ್ಕದ್ದು ಗೌರೀಶನ ಗೊಬ್ಬರದ ಅಂಗಡಿ. ಮೂವತ್ತರ ಆಸುಪಾಸಿನ ಹುಡುಗ, ಒಳ್ಳೆಯ ಮನೆತನ, ಗಿರಾಕಿಗಳೂ ಚೆನ್ನಾಗಿದ್ದರು. ಎರಡು ವರ್ಷದ ಹಿಂದೆ ಮುಧೋಳದಿಂದ ಮೂರು ತಿಂಗಳ ಮರಿಯೊಂದನ್ನು ತಂದ. ಕೆಂಚು ಮೈ, ಉದ್ದ ಮೂತಿ, ಹಿಡಿಯಷ್ಟೇ ನಡು. ಅದಕ್ಕೆ ಕಿಲ್ಲರ್ ಎಂದು ಹೆಸರಿಟ್ಟು ಅಂಗಡಿಯ ಮೆಟ್ಟಿಲಿನ ಕಂಬಕ್ಕೆ ಸರಪಳಿಯಿಂದ ಬಿಗಿದ. ಸರಪಳಿಯ ಉದ್ದ ಎರಡು ಮೊಳ. ಬಸ್ಸು, ಟ್ರ್ಯಾಕ್ಟರು, ಬೈಕು ಎಲ್ಲ ಅದರ ಮೂತಿಯ ಮುಂದೆಯೇ ಹಾಯ್ದುಹೋಗುತ್ತಿದ್ದವು. ಮೊದಮೊದಲು ಮರಿ ಹೆದರಿ ಕಂಬದ ಹಿಂದೆ ಅವಿತುಕೊಳ್ಳುತ್ತಿತ್ತು. ಅವಿತರೆ ಗೌರೀಶನಿಗೆ ಅವಮಾನ. ಹೆಲ್ಮೆಟ್ ಹಾಕಿಕೊಂಡು, ಕೋಲು ಬಡಿಯುತ್ತ ಅದರ ಮೇಲೆ ಹೋಗುತ್ತಿದ್ದ. ಅದು ತಾಳಲಾರದೆ ಹಲ್ಲು ಕಿರಿದು ಹಾರಿದಾಗ, "ಹಾಂ, ಹಂಗ ಬಾ ಮಗನ!" ಎಂದು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. ಗೊಬ್ಬರಕ್ಕೆ ಬಂದವರು ಸುತ್ತ ನಿಂತು ನಗುತ್ತಿದ್ದರು.

ಒಂದು ದಿನ ಗೌರೀಶ ಶೆಟ್ಟೆವ್ವನ ಅಂಗಡಿಗೆ ಬಂದು ಮುಳ್ಳುಪಟ್ಟಿ ಕೇಳಿದ.

"ಕುರಿಗಾರ್ರು ತೋಳ ಕೊರಳಿಗೆ ಬಾಯಿ ಹಾಕಬಾರದಂತ ಕಟ್ತಾರ. ಇಲ್ಲಿ ಬಸ್‌ಸ್ಟ್ಯಾಂಡಿನ್ಯಾಗ ಯಾವ ತೋಳ ಐತೋ ತಮ್ಮಾ?" ಎಂದಳು ಶೆಟ್ಟೆವ್ವ.

"ಗತ್ತು ಕಾಣತೈತ್ರಿ ಅವ್ವಾರ."

ಶೆಟ್ಟೆವ್ವ ಮತ್ತೇನೂ ಕೇಳಲಿಲ್ಲ. ಮರಿಯ ಕೊರಳಿಗೆ ಸರಿಹೊಂದುವಂತೆ ತೊಗಲು ಕತ್ತರಿಸಿ, ಮೇಣ ಹಚ್ಚಿದ ದಾರದಲ್ಲಿ ತಾನೇ ಹೊಲಿದು ಕೊಟ್ಟಳು. ಮರುದಿನದಿಂದ ನಾಯಿಯ ಕೊರಳಲ್ಲಿ ಕೆಂಪು ಕರವಸ್ತ್ರವೂ ಕಾಣಿಸಿತು. ಪಟ್ಟಿಯ ಮೇಲೆ ಬಟ್ಟೆ ಯಾಕೆ ಸುತ್ತಿದ್ದಾನೆ ಎಂದು ಆಕೆ ಯೋಚಿಸಲಿಲ್ಲ. ಒಂದು ಸಲ ಯೋಚಿಸಿದ್ದರೂ ಸಾಕಾಗುತ್ತಿತ್ತು ಎಂದು ಈಗಲೂ ಹೇಳುತ್ತಾಳೆ.

ನಾಯಿಗೆ ಹತ್ತು ತಿಂಗಳಾದಾಗ ಅದು ಸತ್ಯಪ್ಪ ಎನ್ನುವ ರೈತನ ಮೀನಖಂಡಕ್ಕೆ ಬಾಯಿ ಹಾಕಿತು. ಯೂರಿಯಾ ಚೀಲ ಹೊತ್ತು ಮೆಟ್ಟಿಲಿಳಿಯುತ್ತಿದ್ದ ಮನುಷ್ಯ, ರಕ್ತ ಚಪ್ಪಲಿಗೆ ಇಳಿಯಿತು. ಗೌರೀಶ ಗಲ್ಲಾಪೆಟ್ಟಿಗೆ ಬಿಟ್ಟು ಏಳಲಿಲ್ಲ. "ನೋಡಿಕೊಂಡು ಇಳಿಯಾಕ ಬರೂದಿಲ್ಲೇನ್ರಿ ನಿಮಗ? ಕಟ್ಟಿದ ನಾಯಿ ಅದು" ಎಂದು ಕಚ್ಚಿಸಿಕೊಂಡವನಿಗೇ ಅಂದ. ಶೆಟ್ಟೆವ್ವ ತನ್ನ ಅಂಗಡಿಯಿಂದ ಬಟ್ಟೆ ತಂದು ಕಾಲಿಗೆ ಸುತ್ತಿ, ಸತ್ಯಪ್ಪನನ್ನು ದವಾಖಾನೆಗೆ ಕಳಿಸಿದಳು. ಗೌರೀಶನ ಮುಖ ನೋಡಿ ಆಕೆಗೆ ವಾಕರಿಕೆ ಬಂತು.

ಹುಚ್ಚಿನ ಲಕ್ಷಣ ಕಾಣುತ್ತದೆಯೇ ನೋಡಲು ಹತ್ತು ದಿನ ನಾಯಿಯನ್ನು ಹಿತ್ತಲಲ್ಲಿ ಕಟ್ಟಿ ಕಾಯಿರಿ ಎಂದು ಪಶುವೈದ್ಯರು ಹೇಳಿದ್ದರು. ಕಟ್ಟಿದರು. ಆದರೆ ಹತ್ತಿರ ಯಾರೂ ಹೋಗಲಿಲ್ಲ, ಕೂಳನ್ನು ದೂರದಿಂದ ಎಸೆದರು. ಹನ್ನೊಂದನೆಯ ದಿನ ಬೆಳಿಗ್ಗೆ ಟೆಂಪೊ ಓಡಿಸುವ ನಿಜಾಮಸಾಬ ಶೆಟ್ಟೆವ್ವನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಒಂದು ಗಟ್ಟಿ ಹಗ್ಗ ಕೇಳಿದ.

"ಯಾಕೋ ಅಣ್ಣಾ?"

"ಗೌರೀಶಣ್ಣನ ನಾಯಿ ಅಕ್ಕಾ. ಗೋಣಿಚೀಲದಾಗ ಹಾಕಿ ಹಿಂದ ಇಟ್ಟಾರ, ಜಾರದಂಗ ಕಟ್ಟಬೇಕು. ನವಿಲುತೀರ್ಥದ ಕಾಲವಿ ದಂಡಿಗೆ ಬಿಟ್ಟು ಬಾ ಅಂದ್ರು. ಚೀಲಾ ಬಿಚ್ಚಬ್ಯಾಡ ಅಂತನೂ ಅಂದ್ರು." ಅವನು ಅತ್ತಿತ್ತ ನೋಡಿದ. "ನನಗ ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ಹಾದಿಗೆ ಬಂದ ಮ್ಯಾಲ ಗಾಡಿ ಮುಂದ ಹೊಡಿಯಾಕ ಮನಸ್ಸ ಬರವಲ್ದು."

ಶೆಟ್ಟೆವ್ವ ಟೆಂಪೊದ ಹಿಂದೆ ಹೋದಳು. ಮೊದಲು ಬಂದದ್ದು ನಾತ. ಸತ್ತ ಇಲಿಯ ನಾತ. ಸೆರಗು ಮೂಗಿಗೆ ಹಿಡಿದು ಚೀಲದ ಬಾಯಿಯ ದಾರ ಕೊಯ್ದಳು. ನಾಯಿ ಕಚ್ಚಲು ಹಾರಲಿಲ್ಲ, ತಲೆ ಎತ್ತಲೂ ಆಗಲಿಲ್ಲ ಅದಕ್ಕೆ. ಕೆಂಪು ಕರವಸ್ತ್ರ ಕಪ್ಪಗಾಗಿ ಕೊರಳಿಗೆ ಅಂಟಿತ್ತು. ಅದನ್ನು ಸರಿಸಿದಾಗ ಪಟ್ಟಿ ಕಂಡಿತು, ಮುಳ್ಳು ಕಾಣಲಿಲ್ಲ. ನಾಯಿ ಇನ್ನಷ್ಟು ಕೆರಳಲೆಂದು ಗೌರೀಶ ಯಾರದೋ ಕೈಯಲ್ಲಿ ಪಟ್ಟಿಯನ್ನು ತಿರುವಿ ಕಟ್ಟಿಸಿದ್ದ, ಮುಳ್ಳು ಒಳಗೆ. ನಾಯಿ ಬೆಳೆದಿತ್ತು, ಪಟ್ಟಿ ಬೆಳೆದಿರಲಿಲ್ಲ. ಮುಳ್ಳುಗಳು ಮಾಂಸದಲ್ಲಿ ಮುಳುಗಿ, ಸುತ್ತ ಕೀವು ತುಂಬಿ, ಕೀವಿನಲ್ಲಿ ಹುಳ ಹರಿದಾಡುತ್ತಿದ್ದವು.

ಮೇಣ ಹಚ್ಚಿದ ದಾರ ಮಾತ್ರ ಒಂದೆಳೆಯೂ ಸಡಿಲವಾಗಿರಲಿಲ್ಲ. ತನ್ನ ಕೈಯ ಹೊಲಿಗೆ.

ಶೆಟ್ಟೆವ್ವ ರಸ್ತೆಯ ಬದಿಗೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದಳು. ಬಾಯಿ ತೊಳೆದುಕೊಂಡು ಬಂದು, "ನನ್ನ ಮನಿಗೆ ಒಯ್ಯಿ ಇದನ್ನ. ಡಾಕ್ಟರನ್ನೂ ಕರಕೊಂಡು ಬಾ" ಎಂದಳು.

ಆಕೆಯ ಮನೆ ಊರ ಅಂಚಿಗೆ, ಸವದತ್ತಿ ದಾರಿಯ ಕಡೆ. ಹಿಂದೆ ಬಯಲು, ಬಯಲಿನಾಚೆ ಇನ್ನೂರು ಹೆಜ್ಜೆಗೆ ರಸ್ತೆ. ಡಾಕ್ಟರು ಪಟ್ಟಿ ಕತ್ತರಿಸಿ ಹುಳ ತೆಗೆದು ಔಷಧ ಕೊಟ್ಟರು. ಹುಣ್ಣು ಮಾಯಲು ಒಂದು ತಿಂಗಳು ಬೇಕಾಯಿತು. ಮೊಟ್ಟೆ ಕೊಡಿ ಎಂದಿದ್ದರು. ಶೆಟ್ಟೆವ್ವ ಹುಟ್ಟಿದಂದಿನಿಂದ ಮೊಟ್ಟೆ ಮುಟ್ಟಿದವಳಲ್ಲ. ನಿಜಾಮಸಾಬನ ಹೆಂಡತಿ ಕಾಶಿಂಬಿ ದಿನವೂ ಎರಡು ಮೊಟ್ಟೆ ಕುದಿಸಿ, ಸುಲಿದು, ಚೂರು ಮಾಡಿ ಡಬ್ಬಿಯಲ್ಲಿ ಕಳಿಸುತ್ತಿದ್ದಳು. ಶೆಟ್ಟೆವ್ವ ಆ ಚೂರುಗಳನ್ನು ಕಾಗದದಲ್ಲಿ ಹಿಡಿದು ಮುಖ ಆಚೆ ತಿರುಗಿಸಿ ನೀಡುತ್ತಿದ್ದಳು. ಆಮೇಲೆ ಮೂರು ಸಲ ಸಾಬೂನು ಹಚ್ಚಿ ಕೈ ತೊಳೆಯುವಳು. ಕಿಲ್ಲರ್ ಎನ್ನುವ ಹೆಸರು ಬಾಯಲ್ಲಿ ಹಿಡಿಯದೆ ಕೆಂಚ ಎಂದು ಕರೆದಳು.

ಹುಣ್ಣು ಮಾಯಿತು, ಅಂಜಿಕೆ ಮಾಯಲಿಲ್ಲ. ಬೈಕಿನ ಸಪ್ಪಳ ಕೇಳಿದರೆ ಸಾಕು, ಕೆಂಚ ಹಗ್ಗ ಹರಿಯುವಂತೆ ಜಗ್ಗಿ ಬೊಗಳಿ ನೊರೆ ಕಾರುತ್ತಿತ್ತು. ಹೆಲ್ಮೆಟ್ ಕಂಡರೆ ಇನ್ನೂ ಕೆಟ್ಟದು. ಸೊಕ್ಕು ಬಂದಿದೆ, ಎರಡು ಬಿಗಿಯಬೇಕು ಎಂದರು ಓಣಿಯವರು. ಶೆಟ್ಟೆವ್ವನಿಗೆ ನಾಯಿಯ ವಿಷಯ ಏನೂ ಗೊತ್ತಿರಲಿಲ್ಲ. ಹೋರಿಯ ವಿಷಯ ಗೊತ್ತಿತ್ತು. ಆಕೆಯ ತವರು ರಾಮದುರ್ಗದ ಕಡೆಯ ಸಾಲಹಳ್ಳಿ. ಅಪ್ಪ ಎಳೆಹೋರಿಗಳನ್ನು ಗಳೆಗೆ, ಅಂದರೆ ಉಳುಮೆಗೆ, ಪಳಗಿಸುವುದರಲ್ಲಿ ಕೈಪಳಗಿದವನು. ಟ್ರ್ಯಾಕ್ಟರಿಗೆ ಬೆದರುವ ಹೋರಿಯನ್ನು ಅವನು ಎಂದೂ ಹೊಡೆದು ಹತ್ತಿರ ಒಯ್ಯುತ್ತಿರಲಿಲ್ಲ. ದೂರ ನಿಲ್ಲಿಸಿ ಮೇವು ಹಾಕುತ್ತಿದ್ದ. "ಮೇಯಾಕತ್ತಿದ್ರ ಇಲ್ಲೇ ನಿಲ್ಲು. ಬಾಯಿ ನಿಲ್ಲಿಸ್ತು ಅಂದ್ರ ಹತ್ತು ಹೆಜ್ಜಿ ಹಿಂದ ಸರಿ. ಅದರ ಹೊಟ್ಟಿ ಸುಳ್ಳ ಹೇಳೂದಿಲ್ಲ" ಎನ್ನುತ್ತಿದ್ದ.

ಶೆಟ್ಟೆವ್ವ ಅದನ್ನೇ ಮಾಡಿದಳು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಒಂದು ತಾಸು, ಬಯಲಿನ ಈಚೆ ತುದಿಯಲ್ಲಿ, ರಸ್ತೆ ಕಾಣುವ ಆದರೆ ಸಪ್ಪಳ ಸಣ್ಣಗೆ ಕೇಳುವ ಕಡೆ ಕೆಂಚನನ್ನು ನಿಲ್ಲಿಸುವಳು. ದೂರದಲ್ಲಿ ಬಸ್ಸು ಕಾಣಿಸಿತೋ, ಒಂದು ಚೂರು ಮೊಟ್ಟೆ. ಬಸ್ಸು ಹೋಯಿತೋ, ಚೂರೂ ನಿಂತಿತು. ಹದಿನೈದು ದಿನಕ್ಕೆ ಕೆಂಚ ಬಸ್ಸು ಕಂಡೊಡನೆ ಬೊಗಳುವ ಬದಲು ಶೆಟ್ಟೆವ್ವನ ಕೈ ನೋಡತೊಡಗಿತು. "ಇತ್ತ ನೋಡು" ಎನ್ನುವ ಮಾತು ಆಗ ಕಲಿಸಿದಳು. ಆಮೇಲೆ "ಕುಂಡ್ರು". ಐದು ಹೆಜ್ಜೆ ಮುಂದೆ, ನಾಲ್ಕು ದಿನ ಅಲ್ಲೇ. ಮತ್ತೆ ಐದು ಹೆಜ್ಜೆ. ಚೂರು ತಿನ್ನಲಿಲ್ಲವೆಂದರೆ ಮರುಮಾತಿಲ್ಲದೆ ಹಿಂದಕ್ಕೆ.

ಐದನೆಯ ತಿಂಗಳು ಒಂದು ಕೆಟ್ಟ ದಿನ ಬಂತು. ರಸ್ತೆಗೆ ಅರವತ್ತು ಹೆಜ್ಜೆ ಇತ್ತು. ಬೈಕಿನವನೊಬ್ಬ ದಾರಿ ಬಿಟ್ಟು ಬಯಲಿಗೇ ಇಳಿದು, ನಾಯಿಯನ್ನು ಕೆಣಕಲೆಂದೇ ಹಾರ್ನ್ ಒತ್ತುತ್ತ ಹತ್ತಿರದಲ್ಲೇ ಸುತ್ತು ಹಾಕಿ ಹೋದ. ಕೆಂಚ ಹಾರಿದ ರಭಸಕ್ಕೆ ಹಗ್ಗ ಎಳೆದು ಶೆಟ್ಟೆವ್ವನ ಅಂಗೈ ಸುಲಿದುಹೋಯಿತು. ಉರಿಗೆ, ಸಿಟ್ಟಿಗೆ, ಆಕೆ ಹಗ್ಗದ ತುದಿಯಿಂದ ನಾಯಿಯ ಬೆನ್ನಿಗೆ ಬಾರಿಸಿದಳು. ಎರಡು ಸಲ.

ಕೆಂಚ ಬೊಗಳುವುದನ್ನು ನಿಲ್ಲಿಸಿತು. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಬಾಲ ಒಳಗೆ ಸೇರಿಸಿ, ಕುಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಬೈಕಿನವನು ದೂರದಲ್ಲಿ ನಿಂತು ನಗುತ್ತಿದ್ದ.

"ಆ ಬೈಕಿನಾಂವನ ಮ್ಯಾಲೆ ಹೇಸಿಗಿ ಬಂತು, ಅದು ಇರ್ಲಿ" ಎಂದು ಆ ಸಂಜೆ ಶೆಟ್ಟೆವ್ವ ಕಾಶಿಂಬಿಯ ಮುಂದೆ ಹೇಳಿದಳು. "ನನ್ನ ಕೈ ಮ್ಯಾಲೆ ಬಂದದ್ದು ಸಾಬೂನಿಗೆ ಹೋಗವಲ್ದು. ಗೌರೀಶ ಏನ ಮಾಡಿದ್ನೋ ನಾನೂ ಅದ ಮಾಡಿದ್ನೆಲ್ಲ."

ಕಾಶಿಂಬಿ ಸಮಾಧಾನದ ಮಾತು ಆಡಲಿಲ್ಲ. "ನಾಳಿಂದ ಮತ್ತ ಮೊದಲಿಂದ ಚಾಲು ಮಾಡ್ರಿ ಅಕ್ಕಾ. ಮೊಟ್ಟಿ ಕಳಸ್ತೇನಿ" ಎಂದಳು.

ಹದಿಮೂರು ದಿನ ಕೆಂಚ ಆಕೆಯ ಕೈಯಿಂದ ಏನೂ ತಿನ್ನಲಿಲ್ಲ. ಶೆಟ್ಟೆವ್ವ ಚೂರನ್ನು ನೆಲದ ಮೇಲಿಟ್ಟು ದೂರ ಹೋಗಿ ಬೆನ್ನು ತಿರುಗಿಸಿ ಕೂರುವಳು. ಹದಿನಾಲ್ಕನೆಯ ದಿನ ಬೆನ್ನ ಹಿಂದೆ ಬಂದು ಮೊಣಕೈಗೆ ಒದ್ದೆ ಮೂತಿ ತಾಗಿಸಿತು. ಆಕೆಗೆ ಮೈ ಜುಮ್ಮೆಂದಿತು. ಕೈ ಮಾತ್ರ ಎಳೆದುಕೊಳ್ಳಲಿಲ್ಲ. ಮತ್ತೆ ಬಯಲಿನ ಈಚೆ ತುದಿಯಿಂದ ಶುರು ಮಾಡಿದಳು. ಹೆಲ್ಮೆಟ್ ಒಂದನ್ನು ನೆಲದ ಮೇಲಿಟ್ಟು ಅದರ ಸುತ್ತ ಮೊಟ್ಟೆ ಚೆಲ್ಲಿದಳು. ಆಮೇಲೆ ನಿಜಾಮಸಾಬ ಅದನ್ನು ಕೈಯಲ್ಲಿ ಹಿಡಿದು ಕುಳಿತ. ಒಂದು ತಿಂಗಳ ನಂತರ ತಲೆಗೆ ಹಾಕಿಕೊಂಡ.

ವರ್ಷ ತುಂಬುವಷ್ಟರಲ್ಲಿ ಕೆಂಚ ಹಗ್ಗದ ಅಂಗಡಿಯ ಒಳಗೆ, ಸುರುಳಿಗಳ ಪಕ್ಕದಲ್ಲಿ ಮಲಗುವಂತಾಯಿತು. ಬಸ್ಸು ಬಂದರೆ ಒಂದು ಕಿವಿ ಎತ್ತುತ್ತಿತ್ತು, ಅಷ್ಟೇ. ಸತ್ಯಪ್ಪ ಮಾತ್ರ ಇವತ್ತಿಗೂ ಅದನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾನೆ. "ಅಂವಗ ಹಕ್ಕೈತಿ" ಎನ್ನುತ್ತಾಳೆ ಶೆಟ್ಟೆವ್ವ.

ಅಂಗಡಿಗೆ ಬಂದವರೆಲ್ಲ ನಾಯಿಯನ್ನು ಹೊಗಳತೊಡಗಿದಾಗ ಗೌರೀಶನಿಗೆ ಆಸೆ ಹುಟ್ಟಿತು. ಒಂದು ಮಧ್ಯಾಹ್ನ ಮೊಬೈಲ್ ಹಿಡಿದುಕೊಂಡೇ ಬಂದ. ಬೆಂಚಿನ ಮೇಲೆ ನಾಲ್ಕು ಜನ ರೈತರು, ನಿಜಾಮಸಾಬನೂ ಇದ್ದ.

"ಅವ್ವಾರ, ನಮ್ಮ ಕಿಲ್ಲರ್ ಮಸ್ತ್ ತಯಾರಾಗ್ಯಾನಲ್ರಿ! ಇಷ್ಟ ದಿವಸ ಸಾಕೀರಿ, ಉಪಕಾರ ಆತು. ಇನ್ನ ಒಯ್ತೇನಿ."

"ಎಲ್ಲಿಗೆ?"

"ನಮ್ಮ ಮನಿಗ್ರಿ. ನಮ್ಮ ನಾಯಿ ಅಲ್ಲೇನ್ರಿ?"

ನಿಜಾಮಸಾಬ ಎದ್ದು ನಿಂತ. "ಗೌರೀಶಣ್ಣಾ, ಚೀಲದಾಗ ಕಟ್ಟಿ ಕಾಲವಿ ದಂಡಿಗೆ ಒಗದ ಬಾ ಅಂತ ನನಗ ಕೊಟ್ರೆಲ್ಲ, ಅದು ಯಾರ ನಾಯಿ ಇತ್ರಿ?"

ಬೆಂಚಿನ ಮೇಲಿದ್ದವರು ಗೌರೀಶನ ಕಡೆ ತಿರುಗಿದರು. ಅವನು ನಗಲು ನೋಡಿದ, "ಅವತ್ತ ಸಿಟ್ಟಿನ ಭರದಾಗ..." ಎನ್ನುತ್ತ ಕೆಂಚನ ಕೊರಳ ಹಗ್ಗಕ್ಕೆ ಕೈ ಚಾಚಿದ. ಕೆಂಚ ಎದ್ದಿತು. ತುಟಿ ಮೇಲೆ ಸರಿಯಿತು, ಹಿಂಗಾಲು ಥರಥರ ನಡುಗಿದವು.

"ಕೆಂಚಾ, ಇತ್ತ ನೋಡು."

ನಾಯಿ ಗೌರೀಶನಿಂದ ಕಣ್ಣು ಕಿತ್ತು ಶೆಟ್ಟೆವ್ವನ ಮುಖ ನೋಡಿತು. "ಬಾ" ಎಂದಳು. ಬಂದು ಆಕೆಯ ಹಿಂದೆ ಸರಿಯಿತು. "ಕುಂಡ್ರು" ಎಂದಳು. ನಡುಗುತ್ತಲೇ ಕುಳಿತುಕೊಂಡಿತು.

"ಕಚ್ಚೂದಿಲ್ಲ, ಹೆದರಬ್ಯಾಡ. ಬಾ ತಮ್ಮಾ" ಎಂದಳು ಶೆಟ್ಟೆವ್ವ ಗೌರೀಶನಿಗೆ. "ಕೊರಳಿನ ಕೂದಲಾ ಸರಿಸಿ ನೋಡು. ಎಷ್ಟ ತೂತಿನ ಗುರುತು ಅದಾವ ಎಲ್ಲಾರ ಮುಂದ ಹೇಳು. ಆಮ್ಯಾಲ ಒಯ್ಯಿ. ನಾನೂ ಅದರಾಗ ಪಾಲುಗಾರ್ತಿ, ಆ ಪಟ್ಟಿ ಹೊಲಿದಾಕಿ ನಾನ. ನಾ ಹೇಳಾಕತ್ತೇನಿ. ನೀನೂ ಹೇಳು."

ಗೌರೀಶ ಮುಟ್ಟಲಿಲ್ಲ. ಮೊಬೈಲನ್ನು ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಹೋಗುವಾಗ ಅಂಗಡಿ ಮುಂದೆ ಉಗುಳಿದ. ಶೆಟ್ಟೆವ್ವ ಈ ಸಲ ನೀರಿನ ಕೊಡ ಅವನ ಕೈಗೆ ಕೊಡಲಿಲ್ಲ. ಅವನು ಮುಟ್ಟಿದ ಕೊಡ ಮತ್ತೆ ಮನೆಗೆ ಬೇಡವೆಂದು ತಾನೇ ತೊಳೆದಳು.

ಎರಡು ತಿಂಗಳಿಗೆ ಗೌರೀಶ ಮತ್ತೊಂದು ಮರಿ ತಂದ ಸುದ್ದಿ ಬಂತು. ಶೆಟ್ಟೆವ್ವ ಅಂದಿನಿಂದ ಅವನ ಅಂಗಡಿಯ ಕಂಬವನ್ನು ದಿನವೂ ನೋಡುತ್ತಿದ್ದಳು, ಸರಪಳಿ ಬಂತೇ ಎಂದು. ವಾರದ ಮೇಲೆ ಅವನ ಹೆಂಡತಿ ಐಶ್ವರ್ಯಾ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಗ್ಗದ ಅಂಗಡಿಯ ಮೆಟ್ಟಿಲು ಹತ್ತಿದಳು.

"ಇದು ನನ್ನ ಹತ್ರ ಇರತೈತಿ ಅಂತ ಮನ್ಯಾಗ ಜಗಳಾ ತಗದ ಬಂದೇನ್ರಿ ಅತ್ತಿ. ಸರಪಳಿ ಹಾಕಾಕ ಬಿಡೂದಿಲ್ಲ. ಇದಕ್ಕ ನೀವು ಕಲಸ್ತೀರೇನ್ರಿ?"

ಶೆಟ್ಟೆವ್ವ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾಯಿಗೆ ನಾ ಕಲಸೂದಿಲ್ಲ. ನಿನಗ ಕಲಸ್ತೇನಿ. ನಾಳೆ ಬೆಳಿಗ್ಗೆ ಆರಕ್ಕ ಬಯಲಿಗೆ ಬಾ. ಗಂಡನ್ನ ಕರಕೊಂಡ ಬರಬ್ಯಾಡ."

ಅಷ್ಟರಲ್ಲಿ ಮರಿ ಸೆರಗಿನಿಂದ ಜಾರಿ ಇಳಿದು, ಆ ಬೆಳಿಗ್ಗೆಯಷ್ಟೇ ಬಂದಿದ್ದ ಹೊಸ ಹಗ್ಗದ ಸುರುಳಿಯ ಮೇಲೆ ಉಚ್ಚೆ ಹೊಯ್ದಿತು.

"ಥೂ!" ಎಂದಳು ಶೆಟ್ಟೆವ್ವ, ಮೂಗಿಗೆ ಸೆರಗು ಹಿಡಿದು. "ಬೈಬ್ಯಾಡ ಅದಕ್ಕ. ಮೊದಲ ಆ ಅರಿಬಿ ತಗೊಂಡ ಒರಸು."