ಮುಚ್ಚಳ ತೆಗೆಯದ ಪ್ಲೇಟು

ದೆವ್ವ, ಪವಾಡ ಎಂದರೆ ಬಿದ್ದು ಬಿದ್ದು ನಗುತ್ತಿದ್ದವನು ನಾನು. ಹುಮನಾಬಾದಿನಲ್ಲಿ ಫೋಟೋ ಅಂಗಡಿ ಇಟ್ಟವನಿಗೆ ಗೊತ್ತಿದ್ದದ್ದು ಇಷ್ಟೇ: ಬೆಳಕು ಬಿದ್ದರೆ ಚಿತ್ರ, ಇಲ್ಲದಿದ್ದರೆ ಇಲ್ಲ. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಸಿಟ್ಟಿಲ್ಲ.

ನಿಜಾಮರ ಕಾಲದ ಮಾತು. ಘಾಟಬೋರಾಳದ ಆಚೆಯ ಲಂಬಾಣಿ ತಾಂಡಾದವರಿಂದ ಜಮೀನ್ದಾರನೊಬ್ಬ ಬೇಗಾರಿ ಎಂಬ ಬಿಟ್ಟಿ ಕೆಲಸ ಮಾಡಿಸುತ್ತಿದ್ದ. ಒಲ್ಲೆ ಎಂದವನೊಬ್ಬನನ್ನು ತನ್ನ ವಾಡೆಯಲ್ಲಿ ಕೂಡಿಹಾಕಿದ್ದ. ಅವನನ್ನು ಬಿಡಿಸಲು ನಮ್ಮೂರ ವಕೀಲರು ಮರುದಿನ ಬೆಳಿಗ್ಗೆ ಹೈದರಾಬಾದಿಗೆ ಹೊರಡುವವರಿದ್ದರು. “ಬಾಯಿಮಾತು ಅಲ್ಲಿ ಯಾರೂ ಕೇಳಂಗಿಲ್ಲ. ಫೋಟೋ ತಂದುಕೊಡ್ರಿ,” ಎಂದು ನನ್ನನ್ನು ತಾಂಡಾಕ್ಕೆ ಕಳಿಸಿದರು. ಕಲ್ಯಾಣಿ ಊರಿನ ಮದುವೆಯೊಂದರಲ್ಲಿ ಎಲ್ಲ ಮುಗಿದು, ಫೋಟೋ ಮೂಡುವ ಗಾಜಿನ ಪ್ಲೇಟು ನನ್ನಲ್ಲಿ ಉಳಿದದ್ದು ಒಂದೇ.

ತಾಂಡಾದವರು ಹೆದರಿ ದೂರ ನಿಂತರು. ಮುಂದೆ ಬಂದವಳು ಸೆರೆಯಲ್ಲಿದ್ದವನ ಹೆಂಡತಿ ಸೋಮ್ಲಿಬಾಯಿ. ಬೇಗಾರಿಯ ಕಲ್ಲು ಹೊತ್ತು ಆಕೆಯ ಅಂಗೈ ಚರ್ಮ ಸುಲಿದುಹೋಗಿತ್ತು. ಗುರುತು ಸಿಕ್ಕರೆ ಜಮೀನ್ದಾರ ಬಿಡಲಿಕ್ಕಿಲ್ಲವೆಂದು, ಕೈ ಮಾತ್ರ ತೆಗೆಯುತ್ತೇನೆ ಎಂದೆ.

“ಯಾಕ್ರಿ? ಮುಖ ಇಲ್ಲದ ಕೈ ಯಾರದಂತ ಹೇಳ್ತೀರಿ? ನಂದೇ ಅಂತ ಅವ್ರಿಗಿ ತಿಳೀಲಿ!”

ಎರಡೂ ಅಂಗೈ ಎದೆಯ ಮುಂದೆ ಹಿಡಿದು, ಕಣ್ಣು ಮಿಟುಕಿಸದೆ ನಿಂತಳು. ಅಬ್ಬಾ, ಎಂಥ ಗಟ್ಟಿಗಿತ್ತಿ! ಆಕೆಯನ್ನೇ ನೋಡುತ್ತ ಫೋಟೋ ಹೊಡೆದೆ.

ಸಂಜೆ ಅಂಗಡಿಗೆ ಬಂದು ಪ್ಲೇಟಿನ ಡಬ್ಬಿ ನೋಡಿದಾಗಲೇ ನನ್ನ ತಪ್ಪು ಗೊತ್ತಾಯಿತು. ಫೋಟೋ ಹೊಡೆಯುವ ಮುಂಚೆ ಡಬ್ಬಿಯ ಮುಚ್ಚಳ ಎಳೆಯಬೇಕು. ಇಲ್ಲದಿದ್ದರೆ ಒಳಗಿನ ಪ್ಲೇಟಿಗೆ ಬೆಳಕೇ ತಾಗುವುದಿಲ್ಲ. ಮುಚ್ಚಳದ ಮೇಲೆ ಬೆಳಿಗ್ಗೆ ನಾನೇ ಅಂಟಿಸಿದ್ದ ಕರಿ ಕಾಗದ ಹರಿಯದೆ ಹಾಗೇ ಇತ್ತು; ಮುಚ್ಚಳ ನಾನು ಎಳೆದೇ ಇರಲಿಲ್ಲ. ಆ ಹೆಣ್ಣುಮಗಳ ಧೈರ್ಯವನ್ನೆಲ್ಲ ಮಣ್ಣುಪಾಲು ಮಾಡಿದೆನಲ್ಲ ಎಂದು ನಾಚಿಕೆಯಿಂದ ಅಳುವೇ ಬಂತು. ಮರಳಿ ಹೋಗಲು ಹೊತ್ತೂ ಇಲ್ಲ, ಪ್ಲೇಟೂ ಇಲ್ಲ. ಆದರೂ ಯಾಕೋ ಅದನ್ನೇ ಫೋಟೋ ತೊಳೆಯುವ ಔಷಧಿ ನೀರಿಗೆ ಹಾಕಿದೆ.

ಮೊದಲು ಎರಡು ಅಂಗೈ ಕಪ್ಪಗೆ ಮೂಡಿದವು. ಆಮೇಲೆ ಮುಖ.

ಫೋಟೋ ವಕೀಲರ ಜೊತೆ ಹೋಯಿತು. ಕೆಲವು ದಿನಗಳಲ್ಲಿ ಗಂಡ ಬಿಡುಗಡೆಯಾಗಿ ಬಂದ. ಅದನ್ನು ಹೇಳಲು ಸೋಮ್ಲಿಬಾಯಿ ಅಂಗಡಿಗೆ ಬಂದಾಗ, ತಡೆಯಲಾಗದೆ ನನ್ನ ತಪ್ಪು ಒಪ್ಪಿಕೊಂಡೆ. ಹೇಗೆ ಬಂತೋ ನನಗೆ ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. ಆಕೆಗೆ ಮಾತ್ರ ಏನೂ ಆಶ್ಚರ್ಯವಾಗಲಿಲ್ಲ.

“ನೀವು ಮರ್ತರ ಏನಾತ್ರಿ ಸಾಹೇಬ್ರ?” ಎಂದಳು. “ನಾ ಅಂತೂ ನಿಂತಿದ್ನಲ್ಲ!”