ದೊಡ್ಡಮ್ಮ ಕಾಲಿಡದ ಗುಡಿ

ಮೊನ್ನೆ ಶಿಡ್ಲಘಟ್ಟದ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ನನ್ನ ಕಾಲ ಬಳಿ ಇಟ್ಟರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ನೆನಪಾದರು... ರಕ್ತಸಂಬಂಧವೇನಲ್ಲ, ಕರೆದು ಕರೆದು ದೊಡ್ಡಮ್ಮ ಆದವರು. ರೇಷ್ಮೆ ಹುಳ ಸಾಕುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಸೊಪ್ಪಿನ ತೋಟಕ್ಕೆ ಬೆಟ್ಟದಿಂದ ಒಂಟಿ ಮುಸುವ ಇಳಿದು ಬಂತು. ಕರಿ ಮೂತಿಯ ಕೋತಿ, ಮಾರುದ್ದ ಬಾಲ; ತೆಲುಗು ಬೆರೆತ ನಮ್ಮೂರ ಬಾಯಲ್ಲಿ ಅದು ಕೊಂಡಮುಚ್ಚು. ಚಿಗುರನ್ನೇ ಆರಿಸಿ ತಿನ್ನುತ್ತಾ ಅದು ನೆಮ್ಮದಿಯಾಗಿತ್ತು. ನೆಮ್ಮದಿ ಇಲ್ಲದ್ದು ದೊಡ್ಡಮ್ಮನಿಗೆ. "ಹುಳ ತಿನ್ನೋ ಸೊಪ್ಪನ್ನ ಆಂಜನೇಯಸ್ವಾಮಿ ತಿನ್ನೋದು ನೋಡಕ್ಕಾಗಲ್ಲ ಕಣಪ್ಪ" ಎಂದು ಶನಿವಾರ ಶನಿವಾರ ಬೆಲ್ಲದ ಪೊಂಗಲ್ ಮಾಡಿ ಇಡತೊಡಗಿದರು. ತುಪ್ಪಕ್ಕೆ ಜಿಪುಣತನವಿಲ್ಲ. ಅದಕ್ಕೂ ರುಚಿ ಹತ್ತಿ, ತೋಟ ಬಿಟ್ಟು ಬಾಗಿಲಿಗೇ ಬರತೊಡಗಿತು. ಆಮೇಲಾಮೇಲೆ ಶನಿವಾರಕ್ಕೂ ಕಾಯದೆ ದಿನವೂ ಪೊಂಗಲ್ಲೇ.

ಒಂದು ಬೆಳಿಗ್ಗೆ ಅದು ಹೊಟ್ಟೆ ಉಬ್ಬಿಕೊಂಡು ಬದುವಿನ ಮೇಲೆ ಬಿದ್ದಿತ್ತು. ನಾನು ದನದ ಡಾಕ್ಟರನ್ನು ಕರೆತರುವಷ್ಟರಲ್ಲಿ ಉಸಿರು ಹೋಗಿತ್ತು. "ಇದು ಸೊಪ್ಪು ತಿನ್ನೋ ಪ್ರಾಣಿ ಕಣಮ್ಮ, ಹೊಟ್ಟೆ ಹಸೂದ್ ಥರಾನೇ. ದಿನಾ ಸಿಹಿ ಅನ್ನ ಹಾಕಿದ್ರೆ ಒಳಗೆ ಹುಳಿ ಬಂದು ಉಬ್ಬರ ಆಗತ್ತೆ" ಎಂದು ಅವರು ಮೆಲ್ಲಗೆ ಹೇಳಿ ಹೋದರು. ಕೇಳಿಸಿಕೊಂಡವರು ದೊಡ್ಡಮ್ಮ, ನಾನು ಇಬ್ಬರೇ.

ಊರಿಗೆ ಊರೇ ಸೇರಿ ಅರಿಶಿನ ಕುಂಕುಮ ಹಚ್ಚಿ, ತಮಟೆ ಬಾರಿಸಿ ಮಣ್ಣು ಮಾಡಿತು. ಅಲ್ಲೇ ಗುಡಿ ಕಟ್ಟುವುದೆಂದು ತೀರ್ಮಾನವಾಯಿತು. ಸ್ವಾಮಿಗೆ ಉಣ್ಣಿಸಿದ ಪುಣ್ಯವಂತೆ ಎಂದು ಮೊದಲ ಕಲ್ಲಿಡಲು ದೊಡ್ಡಮ್ಮನನ್ನೇ ಕರೆದರು. ಅವರು ಎದ್ದು ನಿಂತು, "ನಾನೇ ಅದನ್ನ..." ಎಂದರು. ನಾನು ಕೈ ಹಿಡಿದು ತಡೆದೆ. "ಸುಮ್ನಿರಿ ದೊಡ್ಡಮ್ಮ, ಈಗ ಯಾರು ಕೇಳಿದ್ರು?" ಅವರು ಅಳುತ್ತಾ ಕಲ್ಲಿಟ್ಟರು. ಭಕ್ತಿಯ ಕಣ್ಣೀರೆಂದು ಜನ ಕೈಮುಗಿದರು. ಅವರ ಮಾನ ಕಾಪಾಡಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ ಬೇರೆ.

ಆಮೇಲೆ ಅವರು ಒಂದು ದಿನವೂ ಆ ಗುಡಿಯೊಳಗೆ ಕಾಲಿಡಲಿಲ್ಲ. ಸೊಪ್ಪಿನ ಹೊರೆ ಹೊತ್ತು ಸುತ್ತುದಾರಿಯಲ್ಲಿ ಹೋಗುತ್ತಿದ್ದರು. ಒಮ್ಮೆ ನನಗೆ ಹೇಳಿದರು: "ಅವತ್ತೇ ಹೇಳ್ಬಿಟ್ಟಿದ್ರೆ ನಾಕು ಜನ ಬೈತಿದ್ರು, ಮುಗೀತಿತ್ತು ಕಣಪ್ಪ."

ಹೋದ ವರ್ಷ ತೀರಿಕೊಂಡರು. ಮೊನ್ನೆ ಊರಲ್ಲಿ ಬಸ್ಸಿಳಿದವನು ಮನೆಗೂ ಹೋಗದೆ ಗುಡಿಯ ಕಡೆ ನಡೆದೆ. ಒಳಗೆ, ದೇವರ ಪಕ್ಕದಲ್ಲೇ, ಅವರ ಫೋಟೋ ಇಟ್ಟು ಹಾರ ಹಾಕಿದ್ದಾರೆ. ಇನ್ನು ಅವರಿಗೆ ಎದ್ದು ಹೋಗಲು ಆಗುವುದಿಲ್ಲ. ದಯವಿಟ್ಟು ತೆಗೆಯಿರಿ ಎಂದು ಪೂಜಾರಿಗೆ ಹೇಳಬೇಕಿತ್ತು. ಮಂಗಳಾರತಿ ತೆಗೆದುಕೊಂಡು ಬಂದೆ.